ಡಾಡ್ಜ್ ರಾಮ್ 2500, 12 ವಾಲ್ವ್ ಕಮಿನ್ಸ್ (1994–98): ಎಂಜಿನ್ ಸಾಯಲ್ಲ, ಸುತ್ತಲಿನ ಗಾಡಿ ಸಾಯುತ್ತೆ

ಅಮೆರಿಕದಲ್ಲಿ ಟ್ರೇಲರ್ ಎಳೆಯೋಕೆ ಹಳೇ ಡೀಸೆಲ್ ಪಿಕಪ್ ಹುಡುಕುತ್ತಾ ಹೊರಟರೆ ಮೊದಲು ಕಿವಿಗೆ ಬೀಳುವ ಹೆಸರು ಇದೇ. 5.9 ಲೀಟರ್, ಸಾಲಾಗಿ ಆರು ಸಿಲಿಂಡರ್, ಟರ್ಬೊ, ಇಂಟರ್‌ಕೂಲರ್. ಎಂಜಿನ್ ಓಡೋಕೆ ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಮಾರುವವರೆಲ್ಲ "ಮಿಲಿಯನ್ ಮೈಲಿ ಎಂಜಿನ್" ಅಂತಲೇ ಶುರು ಮಾಡುತ್ತಾರೆ. ಎಂಜಿನ್ ಮಟ್ಟಿಗೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಎಳೆಯುವುದು ಬರೀ ಎಂಜಿನ್ ಅಲ್ಲವಲ್ಲ. ಗೇರ್‌ಬಾಕ್ಸು, ಸ್ಟೇರಿಂಗು, ಬ್ರೇಕು ಈ ಎಂಜಿನ್ ಮಟ್ಟದವಲ್ಲ, ದುಡ್ಡು ಹೋಗುವುದು ಅಲ್ಲೇ.

ಈ ಎಂಜಿನ್ ನಮ್ಮವರಿಗೆ ಹೊಸದಲ್ಲ. ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್‌ನಿಂದ ಬಂದು ಟಾಟಾ 1613, 2515 ಲಾರಿಗಳಲ್ಲಿ ಕೂತಿದ್ದ 6ಬಿಟಿ ಇದರ ಒಡಹುಟ್ಟು. ಸಿಲಿಂಡರುಗಳಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪು ಬಾಷ್ ಪಿ7100, ಇನ್‌ಲೈನ್ ಜಾತಿ. ಆಡುಗೋಡಿಯ ಮೈಕೋ ಪಂಪು ಬಿಚ್ಚಿ ಗೊತ್ತಿರುವ ಕೈಗೆ ಇದರ ಒಳಗಿನ ಲೆಕ್ಕ ಹೇಳಿಕೊಡಬೇಕಿಲ್ಲ. ಇದರ ದೊಡ್ಡ ಗುಣ ಒಂದಿದೆ: ಪಂಪಿನ ಕ್ಯಾಮ್‌ಶಾಫ್ಟಿಗೆ ಎಂಜಿನ್ ಆಯಿಲ್ಲೇ ಜಿಡ್ಡು. 1998ರ ನಡುವೆ ಬಂದ 24 ವಾಲ್ವ್ ಎಂಜಿನ್ನಿನ ವಿಪಿ44 ಪಂಪು ಡೀಸೆಲ್ಲನ್ನೇ ಜಿಡ್ಡಾಗಿ ನೆಚ್ಚಿಕೊಂಡಿದೆ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಲಿಫ್ಟ್ ಪಂಪು ಸೊರಗಿದರೆ ಅದೂ ಹೋಯಿತು. ಅದೇ ಕಾಲದ ಕೆಲವು ಬ್ಲಾಕುಗಳ ಪಕ್ಕದಲ್ಲಿ 53 ಎಂಬ ಎರಕದ ಅಂಕಿ ಇರುತ್ತದೆ, ಅವು ನೀರಿನ ಜಾಕೆಟ್ಟಿನಲ್ಲಿ ಸೀಳುವುದಕ್ಕೆ ಹೆಸರುವಾಸಿ. ಎರಡರಲ್ಲಿ ಒಂದು ಆರಿಸಬೇಕೆಂದರೆ 12 ವಾಲ್ವೇ ಸರಿ.

ಈ ಗಾಡಿಯ ಮೇಲೆ ಅತಿ ಹೆಚ್ಚು ಕೇಳಿಬರುವ ದೂರು: ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬೇಗ ಹಿಡಿಯಲ್ಲ, ಹಿಡಿದರೂ ಒಂದು ನಿಮಿಷ ತೊದಲುತ್ತದೆ. ನಾಝಲ್ಲು, ಪಂಪು ಅಂತ ಬಿಚ್ಚೋಕೆ ಹೋಗಬೇಡಿ. ನೂರಕ್ಕೆ ತೊಂಬತ್ತು ಸಲ ಏರ್ ತಗೊಳ್ತಿರುತ್ತೆ. ಲಿಫ್ಟ್ ಪಂಪಿನ ಮೇಲೆ ರಬ್ಬರ್ ಗುಂಡಿ ಇದೆ. ಸ್ಟಾರ್ಟ್ ಮಾಡುವ ಮುಂಚೆ ಅದನ್ನು ಗಟ್ಟಿಯಾಗುವ ತನಕ ಒತ್ತಿ ನೋಡಿ. ಆಮೇಲೆ ಒಂದೇ ಸಲಕ್ಕೆ ಹಿಡಿದರೆ ಡೀಸೆಲ್ ಹಿಂದಕ್ಕೆ ಇಳಿದಿದೆ ಅಂತಲೇ ಅರ್ಥ. ಕಳ್ಳ ಸಿಗುವುದು ಎಂಜಿನ್ ಹಿಂಬದಿಯಲ್ಲಿ, ಸ್ಟೀಲ್ ಪೈಪಿಗೂ ಪಂಪಿಗೂ ನಡುವಿನ ಗಿಡ್ಡ ರಬ್ಬರ್ ಹೋಸುಗಳಲ್ಲಿ. ಸಪ್ಲೈ ಹೋಸು, ರಿಟರ್ನ್ ಹೋಸು ಎರಡೂ ಒಣಗಿ ಬಿರಿಯುತ್ತವೆ. ತೇವ ಕಾಣದಿದ್ದರೂ ನಂಬಬೇಡಿ. ಗಾಳಿ ಒಳಗೆ ಹೋಗುವ ತೂತಿನಿಂದ ಡೀಸೆಲ್ ಹೊರಗೆ ಬರಲೇಬೇಕೆಂದಿಲ್ಲ. ಎರಡನ್ನೂ ಒಟ್ಟಿಗೇ ಬದಲಿಸಿ, ಒಂದನ್ನು ಬಿಟ್ಟರೆ ಮುಂದಿನ ವರ್ಷ ಅದೇ ಕೆಲಸ ಮತ್ತೆ. ಕೈ ಹಾಕಿದ ಮೇಲೆ ಫ್ಯೂಯಲ್ ಹೀಟರ್ ಒಳಗಿನ ಪುಟ್ಟ ಜಾಲರಿಯನ್ನೂ ತೊಳೆಯಿರಿ. ಫಿಲ್ಟರ್ ತಪ್ಪದೆ ಬದಲಿಸುವವರಿಗೂ ಹೀಗೊಂದು ಜಾಲರಿ ಇದೆ ಅಂತ ಗೊತ್ತಿರುವುದಿಲ್ಲ.

ಎರಡನೇ ದೂರು, ಲೋಡ್ ಹಾಕಿ ದಿಣ್ಣೆ ಹತ್ತುವಾಗ ಪಿಕಪ್ ಇಲ್ಲ. ಫಿಲ್ಟರಿನಿಂದ ಇಂಜೆಕ್ಷನ್ ಪಂಪಿಗೆ ಹೋಗುವ ಪೈಪಿನ ಬ್ಯಾಂಜೋ ಬೋಲ್ಟ್ (ಒಳಗೆ ಡೀಸೆಲ್ ಹಾಯುವ ಟೊಳ್ಳು ಬೋಲ್ಟ್) ಜಾಗದಲ್ಲಿ ಪ್ರೆಶರ್ ಗೇಜ್ ಕೂರಿಸಿ. ಐಡ್ಲಿಂಗ್‌ನಲ್ಲಿ 17ರಿಂದ 22 ಪಿಎಸ್‌ಐ, 2500 ಆರ್‌ಪಿಎಮ್‌ನಲ್ಲಿ 25ರಿಂದ 30 ಬರಬೇಕು. ಕಡಿಮೆ ಇದ್ದರೆ ರಿಟರ್ನ್ ಕಡೆಯ ರಬ್ಬರ್ ಹೋಸನ್ನು ಒಂದು ಕ್ಷಣ ಮಾತ್ರ ಹಗುರವಾಗಿ ಅಮುಕಿ. ಮುಳ್ಳು ಜಿಗಿದರೆ ಲಿಫ್ಟ್ ಪಂಪು ಚೆನ್ನಾಗಿದೆ, ಇಂಜೆಕ್ಷನ್ ಪಂಪಿನಲ್ಲಿ ಹೆಚ್ಚಾದ ಡೀಸೆಲ್ಲನ್ನು ಹಿಂದಕ್ಕೆ ಬಿಡುವ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸಡಿಲಾಗಿದೆ. ಜಿಗಿಯದಿದ್ದರೆ ಫಿಲ್ಟರು, ಜಾಲರಿ, ಆಮೇಲೆ ಲಿಫ್ಟ್ ಪಂಪು, ಈ ಕ್ರಮದಲ್ಲಿ ನೋಡಿ. ಓವರ್‌ಫ್ಲೋ ವಾಲ್ವು ಅಂಗೈಯಲ್ಲಿ ಮುಚ್ಚಿಡುವಷ್ಟು ಸಣ್ಣ ಸಾಮಾನು. ಅದನ್ನು ನೋಡದೆ ಇಡೀ ಪಂಪನ್ನು ಕ್ಯಾಲಿಬ್ರೇಶನ್ನಿಗೆ ಕಳಿಸಿದವರು ಬೇಕಾದಷ್ಟಿದ್ದಾರೆ. ಪ್ರೆಶರ್ ಸರಿಯಿದ್ದೂ ಗಾಡಿ ಎಳೆಯದೆ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಬಿಟ್ಟು ಗಾಳಿಯ ಕಡೆ ತಿರುಗಿ: ಇಂಟರ್‌ಕೂಲರಿನ ರಬ್ಬರ್ ಬೂಟು ಜಾರಿರುತ್ತದೆ, ಇಲ್ಲವೇ ಕ್ಲ್ಯಾಂಪು ಸಡಿಲ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಹೊಗೆಯೇ ಇಲ್ಲ, ಎಂಜಿನ್ ಹಿಡಿಯುವುದೇ ಇಲ್ಲ ಅಂದರೆ ಪಂಪಿನ ಪಕ್ಕದ ಶಟ್‌ಡೌನ್ ಸೊಲೆನಾಯ್ಡ್ ನೋಡಿ. ಕೀ ತಿರುಗಿಸಿ ಸೆಲ್ಫ್ ಹೊಡೆದಾಗ ಅದು ಲಿವರನ್ನು ಮೇಲಕ್ಕೆ ಎಳೆಯಬೇಕು. ಎಳೆಯದಿದ್ದರೆ ಲಿವರನ್ನು ಕೈಯಿಂದ ಎತ್ತಿ ಕಟ್ಟಿ ಮನೆ ಸೇರಬಹುದು, ಆದರೆ ಎಂಜಿನ್ ನಿಲ್ಲಿಸಲು ಅದನ್ನು ಕೈಯಲ್ಲೇ ಇಳಿಸಬೇಕು ಅನ್ನುವುದು ನೆನಪಿರಲಿ. ಬರೀ "ಟಕ್" ಅಂದು ಸುಮ್ಮನಾದರೆ ಸ್ಟಾರ್ಟರ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿದೆ. ಹೊಸ ಸ್ಟಾರ್ಟರ್ ಬೇಡ, ಕಾಂಟ್ಯಾಕ್ಟ್ ಮಾತ್ರ ಹಾಕಿದರೆ ಸಾಕು. ಇದರಲ್ಲಿ ಗ್ಲೋ ಪ್ಲಗ್ ಇಲ್ಲ. ಇನ್‌ಟೇಕಿನಲ್ಲಿ ಹೀಟರ್ ಗ್ರಿಡ್ ಇದೆ, ಚಳಿಯಲ್ಲಿ ಸ್ಟಾರ್ಟ್ ಆದ ಮೇಲೂ ಅದು ಕರೆಂಟ್ ಎಳೆಯುತ್ತಿರುತ್ತದೆ. ವೋಲ್ಟ್ ಮೀಟರ್ ಕುಣಿಯಿತು ಅಂತ ಆಲ್ಟರ್ನೇಟರ್ ಬದಲಿಸಬೇಡಿ.

ಈಗ ಎಂಜಿನ್ನಿನ ಒಂದೇ ಒಂದು ನಿಜವಾದ ಕಂಟಕ. ಮುಂದಿನ ಗೇರ್ ಕೇಸನ್ನು ಬ್ಲಾಕಿಗೆ ನೇರಕ್ಕೆ ಕೂರಿಸುವ ಉಕ್ಕಿನ ಗೂಟವೊಂದಿದೆ, ಬೆರಳಿನ ತುದಿಯಷ್ಟು. ಅದನ್ನು ಹಿಡಿದಿಡಲು ಏನೂ ಇಲ್ಲ. ಅದುರಿ ಅದುರಿ ಹೊರಬರುತ್ತದೆ. ಅದೃಷ್ಟವಿದ್ದರೆ ನೇರ ಕೆಳಗಿನ ಆಯಿಲ್ ಚೇಂಬರಿಗೆ ಬೀಳುತ್ತದೆ, ಇಲ್ಲದಿದ್ದರೆ ಟೈಮಿಂಗ್ ಗೇರಿನ ಹಲ್ಲಿಗೆ ಸಿಕ್ಕಿ ಕೇಸನ್ನೇ ಒಡೆಯುತ್ತದೆ. ಅಲ್ಲಿನವರು ಇದನ್ನು ಕಿಲ್ಲರ್ ಡೋವೆಲ್ ಪಿನ್ ಅನ್ನುತ್ತಾರೆ, ಹೆಸರು ಅತಿಶಯವಲ್ಲ. ಪರಿಹಾರ ಒಂದು ತಗಡಿನ ನಾಲಿಗೆ: ಪಕ್ಕದ ಬೋಲ್ಟಿನ ಕೆಳಗೆ ಸೇರಿಸಿ ಗೂಟದ ಬಾಯಿಗೆ ಅಡ್ಡ ಬರುವಂತೆ ಬಿಗಿಯಬೇಕು, ಬೋಲ್ಟಿಗೆ ಥ್ರೆಡ್‌ಲಾಕ್ ಹಚ್ಚಿ. ಅದಕ್ಕೆ ಫ್ಯಾನು, ಬೆಲ್ಟು, ಕ್ರ್ಯಾಂಕಿನ ಮುಂದಿನ ಡ್ಯಾಂಪರು, ಮುಂದಿನ ಕವರು ಬಿಚ್ಚಬೇಕು. ಡ್ಯಾಂಪರಿಗೆ ನಾಲ್ಕೇ ಬೋಲ್ಟು, ಪುಲ್ಲರ್ ಬೇಕಿಲ್ಲ. ಒಳಗಿನ ಉಳಿದ ಬೋಲ್ಟುಗಳನ್ನೂ ಬಿಗಿದು, ಮುಂದಿನ ಸೀಲ್ ಹೊಸದು ಹಾಕಿ ಮುಚ್ಚಿ. ಮಾರುವವನು "ಪಿನ್ ಕೆಲಸ ಆಗಿದೆ" ಅಂದರೆ ಬಿಲ್ಲು ಕೇಳಿ. ಬಿಲ್ಲು ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದು ಹೊಂದಿಸುವುದು, ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಎಂಜಿನ್ ತಣ್ಣಗಿರಬೇಕು. ಇನ್‌ಟೇಕ್ 0.25 ಮಿಮೀ, ಎಕ್ಸಾಸ್ಟ್ 0.50 ಮಿಮೀ. ಒಂದನೇ ಸಿಲಿಂಡರನ್ನು ಕಂಪ್ರೆಶನ್ನಿನ ಟಾಪಿಗೆ ತಂದು 1, 2, 4ರ ಇನ್‌ಟೇಕ್, 1, 3, 5ರ ಎಕ್ಸಾಸ್ಟ್. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ 3, 5, 6ರ ಇನ್‌ಟೇಕ್, 2, 4, 6ರ ಎಕ್ಸಾಸ್ಟ್. ಟಾಪ್ ಗುರುತಿಸಲು ಒಳಕ್ಕೆ ಒತ್ತುವ ಟೈಮಿಂಗ್ ಪಿನ್ನು ಪ್ಲಾಸ್ಟಿಕ್ಕಿನದು. ಅದು ಒಳಗೇ ಇರುವಾಗ ಎಂಜಿನ್ ತಿರುಗಿಸಿದರೆ ಮುರಿಯುತ್ತದೆ. ಆಯಿಲ್ 15ಡಬ್ಲ್ಯೂ-40, ಫಿಲ್ಟರ್ ಸೇರಿ 11 ಕ್ವಾರ್ಟ್, ಅಂದರೆ ಹತ್ತೂವರೆ ಲೀಟರಿನ ಹತ್ತಿರ.

ಇನ್ನು ಗೇರ್‌ಬಾಕ್ಸು, ಈ ಗಾಡಿಯ ಹಣೆಬರಹ ಬರೆಯುವುದು ಅಲ್ಲೇ. 1996ರಿಂದ ಮ್ಯಾನುಯಲ್ ಗಾಡಿಗೆ 215 ಅಶ್ವಶಕ್ತಿ, ಆಟೋಮ್ಯಾಟಿಕ್‌ಗೆ ಬರೀ 180. ಕಂಪನಿಯೇ ಆಟೋಮ್ಯಾಟಿಕ್ಕನ್ನು ಎಷ್ಟು ನಂಬಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಾದ 47ಆರ್‌ಎಚ್ ಮತ್ತು 47ಆರ್‌ಇ ಎರಡರಲ್ಲೂ ಮೊದಲು ಸೋಲುವುದು ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ಚು. ಟ್ರೇಲರ್ ಹಾಕಿ 55 ಮೈಲಿಯಲ್ಲಿ ಏರು ಹತ್ತಿಸಿ. ವೇಗ ಏರದೆ ಆರ್‌ಪಿಎಮ್ ಮಾತ್ರ ಮೇಲೆ ಹೋದರೆ ಕ್ಲಚ್ಚು ಜಾರುತ್ತಿದೆ. 45 ಮೈಲಿಯ ಸುಮಾರಿಗೆ ಲಾಕಪ್ ಹಿಡಿ-ಬಿಡು ಅಂತ ತೂಗಾಡಿದರೆ ಹೆದರಬೇಡಿ, ಮೊದಲು ಥ್ರಾಟಲ್ ಸೆನ್ಸರ್ ಮತ್ತು ಅರ್ತಿಂಗ್ ನೋಡಿ. ಆಯಿಲ್ ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಬಿಸಿಯಾಗಿ, ನ್ಯೂಟ್ರಲ್‌ನಲ್ಲಿ. ಪಾರ್ಕಿನಲ್ಲಿ ಕನ್ವರ್ಟರಿಗೆ, ಕೂಲರಿಗೆ ಆಯಿಲ್ ಹರಿಯುವುದಿಲ್ಲ. ಹಾಕಬೇಕಾದದ್ದು ಎಟಿಎಫ್+4. ಸುಟ್ಟ ವಾಸನೆ ಬಂದರೆ ಬೆಲೆ ಕೇಳುವುದೂ ಬೇಡ.

ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸು ಎನ್‌ವಿ4500 ಹೆಚ್ಚು ಗಟ್ಟಿ, ಒಂದು ಊನ ಬಿಟ್ಟರೆ: ಐದನೇ ಗೇರನ್ನು ಮೇನ್‌ಶಾಫ್ಟಿಗೆ ಬಿಗಿದ ನಟ್ ಸಡಿಲಾಗುತ್ತದೆ. ಒಂದು ದಿನ ಕಡ್ಡಿ ಐದರಲ್ಲಿರುತ್ತದೆ, ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಬರೀ ಅರಚುತ್ತದೆ. ಲೋಡ್ ಇದ್ದಾಗ ಐದರಲ್ಲಿ ಕಡಿಮೆ ಆರ್‌ಪಿಎಮ್‌ಗೆ ಇಳಿಸಿ ಅದುರಿಸುವುದೇ ಇದರ ಮೂಲ. ಆಯಿಲ್ ಜಿಎಲ್-4 ಸಿಂಥೆಟಿಕ್ ಮಾತ್ರ. ಡಿಫರೆನ್ಷಿಯಲ್ಲಿಗೆ ಹಾಕುವ ಜಿಎಲ್-5 ಸುರಿದರೆ ಸಿಂಕ್ರೋಗಳನ್ನು ತಿನ್ನುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಟ್ರ್ಯಾಕ್ ಬಾರ್ (ಮುಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಸರಳು) ಸವೆದರೆ ಗುಂಡಿ ಹಾರಿದ ಕೂಡಲೇ ಮುಂದಿನ ಚಕ್ರಗಳೆರಡೂ ಗಡಗಡ ನಡುಗುತ್ತವೆ. ಎಂಜಿನ್ ಓಡಿಸಿ, ಒಬ್ಬರು ಸ್ಟೇರಿಂಗನ್ನು ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಬಗ್ಗಿ ಟ್ರ್ಯಾಕ್ ಬಾರಿನ ಬಾಲ್ ಜಾಯಿಂಟಿಗೆ ಬೆರಳಿಟ್ಟು ನೋಡಲಿ. ಆಟ ಬೆರಳಿಗೇ ಗೊತ್ತಾಗುತ್ತದೆ. ಸ್ಟೇರಿಂಗ್ ಬಾಕ್ಸ್ ಕೂತಿರುವ ಚಾಸಿ ಭಾಗದಲ್ಲಿ ಕೂದಲಿನಷ್ಟು ಬಿರುಕಿದ್ದರೂ ಮೊದಲು ವೆಲ್ಡಿಂಗು, ಆಮೇಲೆ ಟ್ರೇಲರು.

ಎಳೆಯುವ ಗಾಡಿಗೆ ಒಂದೇ ಒಂದು ಹೆಚ್ಚುವರಿ ಮೀಟರ್ ಹಾಕಿಸುವುದಾದರೆ ಅದು ಟರ್ಬೊ ಮುಂಚೆ ಕೂರುವ ಎಕ್ಸಾಸ್ಟ್ ತಾಪದ್ದು. ಸತತವಾಗಿ 1250 ಡಿಗ್ರಿ ಫ್ಯಾರನ್‌ಹೀಟ್ ದಾಟಿಸಬೇಡಿ, ಏರಿನಲ್ಲಿ ಗೇರ್ ಇಳಿಸಿ. ನಿಲ್ಲಿಸಿದಾಗ 300ಕ್ಕೆ ಇಳಿಯುವ ತನಕ ಐಡ್ಲಿಂಗ್ ಬಿಡಿ. ಇಳಿಜಾರಿಗೆ ಎಕ್ಸಾಸ್ಟ್ ಬ್ರೇಕ್ ಬಹಳ ಉಪಯೋಗ, ಆದರೆ ಮೂಲ ವಾಲ್ವ್ ಸ್ಪ್ರಿಂಗುಗಳು ಅದರ ಹಿಮ್ಮುಖ ಒತ್ತಡ ತಡೆಯುವುದಿಲ್ಲ. 60 ಪೌಂಡಿನ ಸ್ಪ್ರಿಂಗ್ ಹಾಕಿಸದೆ ಕೂರಿಸಬೇಡಿ. ಡೀಸೆಲ್ ಮಿತಿಯಲ್ಲಿಡುವ ಪಂಪಿನ ಫ್ಯೂಯಲ್ ಪ್ಲೇಟ್ ಉಜ್ಜಿ ಕಪ್ಪು ಹೊಗೆ ಹಾರಿಸುವ ಗಾಡಿ ಸಿಕ್ಕರೆ ಬಿಟ್ಟುಬಿಡಿ. ಅದರ ಗೇರ್‌ಬಾಕ್ಸು ಏನು ಅನುಭವಿಸಿದೆಯೋ ಯಾರಿಗೂ ಗೊತ್ತಿಲ್ಲ.

ಡ್ಯಾಶ್‌ಬೋರ್ಡ್ ಹಪ್ಪಳದಂತೆ ಒಡೆದಿರುತ್ತದೆ, ಈ ಮಾಡೆಲ್ಲಿನ ಎಲ್ಲ ಗಾಡಿಗಳ ಕಥೆಯೂ ಅದೇ. ಚೌಕಾಸಿಗೆ ಬಳಸಿಕೊಳ್ಳಿ, ರಿಪೇರಿಗೆ ದುಡ್ಡು ಹಾಕಬೇಡಿ. ಉಳಿದ ದುಡ್ಡಲ್ಲಿ ಆ ಎರಡು ರಬ್ಬರ್ ಹೋಸು ತನ್ನಿ.