ಮೋಡೆಮ್ ಸುಟ್ಟಿದೆ ಎಂದ ಕೂಡಲೇ ಹಣ ಬಿಚ್ಚಬೇಡಿ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದ ಮನೆಗೆ ಫೈಬರ್ ಇನ್ನೂ ಬಂದಿಲ್ಲವಾದ್ದರಿಂದ, ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡೆವು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ತಿಂಗಳ, ಮಳೆ ಹಿಡಿದ ವಾರವೇ ಕಾಟ ಆರಂಭವಾಯಿತು. ಫೋನ್ ರಿಂಗಾದರೆ ಸಾಕು, ಮೋಡೆಮ್ಮಿನಲ್ಲಿ ಲೈನಿನ ಸಂಪರ್ಕ ತೋರಿಸುವ ಡಿಎಸ್‌ಎಲ್ ದೀಪ ಮಿಣುಕಿ ಇಂಟರ್‌ನೆಟ್ ಕಡಿದುಹೋಗುತ್ತಿತ್ತು. ರಿಸೀವರ್ ಎತ್ತಿದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸದ್ದು.

ಸಂಪರ್ಕ ಕೊಡಿಸಿದ್ದ ಖಾಸಗಿ ಏಜೆಂಟರು ಬಂದು ಮೋಡೆಮ್ಮನ್ನು ಮೂಗಿಗೆ ಹಿಡಿದು ಮೂಸಿ, "ಸಿಡಿಲಿಗೆ ಸುಟ್ಟಿದೆ ಸಾರ್" ಎಂದರು. ನಮ್ಮಲ್ಲಿ ಗುಡುಗು ಸಿಡಿಲು ಬರುವುದು ಬೇಸಿಗೆಯ ಕಾಫಿ ಹೂವಿನ ಮಳೆಯಲ್ಲಿ, ಕಕ್ಕಡದಲ್ಲಿ ಅದು ಅಪರೂಪ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಸುಟ್ಟ ಮೋಡೆಮ್ ಫೋನ್ ಸುಮ್ಮನಿದ್ದಾಗ ಮಾತ್ರ ಹೇಗೆ ಸರಿಯಾಗಿ ನಡೆಯುತ್ತದೆ ಎಂದೂ ಕೇಳಲಿಲ್ಲ. ಕಾಫಿ ಕೊಟ್ಟು, ಹೊಸ ಮೋಡೆಮ್ಮಿಗೆ 2,400 ರೂಪಾಯಿ ಎಣಿಸಿಕೊಟ್ಟೆ.

ಅಂದು ರಾತ್ರಿಯೇ ಫೋನ್ ಬಂತು, ಇಂಟರ್‌ನೆಟ್ ಹೋಯಿತು. ಮರುದಿನ ಬಂದ ಏಜೆಂಟರು ಮನೆಯೊಳಗಿನ ವೈರ್ ಹಳತಾಗಿದೆ ಎಂದು 40 ಮೀಟರ್ ಹೊಸ ವೈರ್ ಎಳೆದು, ಮತ್ತೆ 1,850 ರೂಪಾಯಿ ಪಡೆದರು. ಸದ್ದು ಹಾಗೆಯೇ ಇತ್ತು. ಮೂರನೆಯ ಸಲ ಬರಲೇ ಇಲ್ಲ. "ಕೊಡಗಲ್ವಾ ಸಾರ್, ಮಳೆ ನಿಂತ ಮೇಲೆ ತಾನಾಗಿ ಸರಿಯಾಗುತ್ತೆ" ಎಂದು ಫೋನಿನಲ್ಲಿಯೇ ಮುಗಿಸಿದರು.

ಕೊನೆಗೆ ನೆರೆಮನೆಯ ನಿವೃತ್ತ ಲೈನ್‌ಮ್ಯಾನ್ ಒಬ್ಬರನ್ನು ಸಂಕೋಚದಿಂದಲೇ ಕರೆದೆ. ಅವರು ಮೋಡೆಮ್ಮಿನ ಕಡೆ ಕಣ್ಣು ಕೂಡ ಹಾಯಿಸದೆ, ಮನೆಯೊಳಗಿನದೆಲ್ಲವನ್ನೂ ಬಿಡಿಸಿ, ಸೂರಿನ ಕೆಳಗೆ ಹೊರಗಿನ ತಂತಿ ಬಂದು ಸೇರುವ ರೋಸೆಟ್ ಪೆಟ್ಟಿಗೆಗೆ ಒಂದೇ ಒಂದು ಫೋನ್ ಜೋಡಿಸಿ ಕೇಳಿದರು. ಅಲ್ಲಿಯೇ ಚಟಪಟ! ಮುಚ್ಚಳ ತೆಗೆದರೆ ಒಳಗೆ ಒದ್ದೆ ಇರುವೆಗೂಡು, ಸ್ಕ್ರೂಗಳ ಸುತ್ತ ಹಸಿರು ಕಿಲುಬು. ತಂತಿಯ ತುದಿ ಕತ್ತರಿಸಿ, ಹೆರೆದು, ಬಿಗಿದ ಮೇಲೆ ಡಯಲ್ ಟೋನ್ ತಿಳಿಯಾಯಿತು. ಆಮೇಲೆ ಅಪ್ಪನ ಕೋಣೆಯ ಪ್ಯಾರಲಲ್ ಫೋನ್ ಸ್ಪ್ಲಿಟರ್ ಇಲ್ಲದೆ ನೇರವಾಗಿ ಲೈನಿಗೆ ಸೇರಿರುವುದನ್ನು ತೋರಿಸಿದರು. ಮಾತಿನ ಸಂಕೇತವನ್ನೂ ಇಂಟರ್‌ನೆಟ್ಟಿನ ಸಂಕೇತವನ್ನೂ ಬೇರ್ಪಡಿಸುವುದೇ ಆ ಪುಟ್ಟ ಡಬ್ಬಿಯ ಕೆಲಸವಾದ್ದರಿಂದ, ಅದನ್ನು ದಾಟಿ ಜೋಡಿಸಿದ ಯಾವುದೇ ಫೋನ್ ರಿಂಗಾದಾಗ ಇಂಟರ್‌ನೆಟ್ ಕಡಿಯಬಹುದಂತೆ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ. ನಂತರ "ಸುಟ್ಟ" ಮೋಡೆಮ್ಮನ್ನೇ ಹಾಕಿದರು. ಅದರ ದೀಪ ಹಸಿರಾಗಿ ನಿಂತದ್ದನ್ನು ನೋಡಿ ನನಗೆ ಮುಖ ಎತ್ತಲಾಗಲಿಲ್ಲ.

ಏಜೆಂಟರಿಗೆ ಫೋನ್ ಮಾಡಿ ಹಣ ಕೇಳಿದೆ. "ಬದಲಾಯಿಸಿ ಅಂತ ನೀವೇ ಒಪ್ಪಿದ್ದಲ್ವಾ ಸಾರ್?" ಎಂದರು. ಒಪ್ಪಿದ್ದು ನಾನೇ, ನಿಜ. ಹಳೆಯದು ಸರಿಯಾಗಿಯೇ ಇದೆಯಲ್ಲ ಎಂದದ್ದಕ್ಕೆ, "ಒಳ್ಳೇದೇ ಆಯ್ತು, ಒಂದು ಸ್ಪೇರ್ ಇರಲಿ" ಎಂದರು. ಸ್ಪೇರ್ ಇರಲಿಯಂತೆ! ಬಿಲ್ಲು ಎಂದು ಕೊಟ್ಟದ್ದು ನೋಟ್‌ಬುಕ್ಕಿನ ಹಾಳೆ. ಅದರಲ್ಲಿ ಅಂಗಡಿಯ ಹೆಸರೂ ಇಲ್ಲ, ವಾರಂಟಿಯ ಮಾತೂ ಇಲ್ಲ.

ಯಾರಾದರೂ ನಿಮ್ಮ ಮೋಡೆಮ್ ಸುಟ್ಟಿದೆ ಎಂದರೆ, ಮೊದಲು ಹೊರಗಿನ ಪೆಟ್ಟಿಗೆಯಲ್ಲಿ ಒಂದೇ ಫೋನ್ ಇಟ್ಟು ಡಯಲ್ ಟೋನ್ ಕೇಳಿಸಿ ಎನ್ನಿ, ಮನೆಯ ಪ್ರತಿ ಫೋನೂ ಸ್ಪ್ಲಿಟರ್ ಮೂಲಕ ಹಾದಿದೆಯೇ ಎಂದು ನೋಡಿ, ಅಲ್ಲಿಯವರೆಗೆ ಜೇಬಿಗೆ ಕೈ ಹಾಕಬೇಡಿ. 4,250 ರೂಪಾಯಿ ಕೊಟ್ಟ ಮೇಲೆ ನನಗಿದು ತಿಳಿಯಿತು. ಸ್ಪೇರ್ ಮೋಡೆಮ್ ಅಟ್ಟದ ಮೇಲಿದೆ, ಬೇಕಾದವರು ಬಂದು ಒಯ್ಯಬಹುದು.