ಫಾಲ್ಟಿ ಟವರ್ಸ್: ಬರೀ 12 ಎಪಿಸೋಡ್, ಆದರೆ ಎಂಥ 12!

ಹೋಟೆಲ್ ಒಂದರಲ್ಲಿ ನಡೆಯುವ ಈ ಬ್ರಿಟಿಷ್ ಹಾಸ್ಯ ಸರಣಿಯನ್ನು ಯಾರಿಗಾದರೂ ನೋಡಿ ಅಂತ ಹೇಳಿದರೆ ಅವರು ಮೊದಲು ಕೇಳುವುದು, "ಬರೀ 12 ಎಪಿಸೋಡಾ? ಮತ್ತೆ ಅಷ್ಟು ಹೆಸರು ಯಾಕೆ?"

ಹೌದು, 12 ಮಾತ್ರ. 1975ರಲ್ಲಿ ಬಿಬಿಸಿ 2 ಚಾನೆಲ್‌ನಲ್ಲಿ 6 ಬಂದವು. ಮುಂದಿನ 6 ಬಂದಿದ್ದು 1979ರಲ್ಲಿ. ಒಂದೊಂದು ಎಪಿಸೋಡ್ ಅರ್ಧ ಗಂಟೆ, ಕೆಲವು ಅದಕ್ಕಿಂತ ಸ್ವಲ್ಪ ಜಾಸ್ತಿ. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬಹುದು. ಆದರೂ 2000ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬ್ರಿಟನ್ನಿನ ಅತ್ಯುತ್ತಮ 100 ಟಿವಿ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ.

ನಾನು ವರ್ಷಗಟ್ಟಲೆ ಹೋಟೆಲ್ ರಿಸೆಪ್ಷನ್‌ನಲ್ಲಿ ಕೆಲಸ ಮಾಡಿದವಳು. ಹಾಗಾಗಿ ಈ ಸರಣಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಹೋಟೆಲ್ ಬಗ್ಗೆ ಬಂದ ಎಷ್ಟೋ ಸಿನಿಮಾ, ಧಾರಾವಾಹಿಗಳಲ್ಲಿ ಹೋಟೆಲ್ ಸುಮ್ನೆ ಹಿಂದೆ ಕಾಣುವ ಗೋಡೆ ಅಷ್ಟೆ. ಇಲ್ಲಿ ಹಾಗಲ್ಲ. ಕೌಂಟರ್ ಮೇಲಿನ ಗಂಟೆ, ರೂಮಿನ ಕೀಲಿಗಳು, ರಿಜಿಸ್ಟರ್, ಅಡುಗೆಮನೆಗೂ ಊಟದ ಹಾಲ್‌ಗೂ ನಡುವೆ ಆಡುವ ಬಾಗಿಲು, ಎಲ್ಲಕ್ಕೂ ಕೆಲಸ ಇದೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ಫೋನ್ ಹೊಡೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಒಳಗಿಂದ ಯಾರೋ ಕೂಗುತ್ತಾರೆ. ಆ ಗಡಿಬಿಡಿ ಎಷ್ಟು ನಿಜ ಅಂತ ಕೌಂಟರ್ ಹಿಂದೆ ನಿಂತವರಿಗೆ ಗೊತ್ತು.

ಕತೆ ನಡೆಯುವುದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕಡಲತೀರದ ಊರು ಟಾರ್ಕೀಯಲ್ಲಿ. ಹೋಟೆಲ್ ಮಾಲೀಕ ಬೇಸಿಲ್ ಫಾಲ್ಟಿ. ಅವನಿಗೆ ದೊಡ್ಡ ಮನುಷ್ಯರು ಬೇಕು, ಗಿರಾಕಿಗಳು ಬೇಡ. ಹೆಂಡತಿ ಸಿಬಿಲ್ ಫೋನಿನಲ್ಲಿ ಹರಟುತ್ತಲೇ ಇರುತ್ತಾಳೆ, ಆದರೆ ಹೋಟೆಲ್ ನಡೆಯುತ್ತಿರುವುದು ಅವಳಿಂದಲೇ. ಬೇಸಿಲ್ ಅರ್ಧ ಗಂಟೆ ಕೂಗಾಡಿ ಕೆಡಿಸಿದ್ದನ್ನು ಅವಳು ಎರಡು ಮಾತಿನಲ್ಲಿ ಸರಿ ಮಾಡುತ್ತಾಳೆ. ಪಾಲಿ ಎಲ್ಲ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುವ ಹುಡುಗಿ. ಬಾರ್ಸಿಲೋನಾದಿಂದ ಬಂದ ವೇಟರ್ ಮಾನ್ಯುಯೆಲ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಜೊತೆಗೆ ಅಲ್ಲೇ ಖಾಯಂ ಆಗಿ ಉಳಿದಿರುವ ಒಬ್ಬ ನಿವೃತ್ತ ಮೇಜರ್, ಇಬ್ಬರು ವಯಸ್ಸಾದ ಹೆಂಗಸರು.

ಬೇಸಿಲ್ ಆಗಿ ಜಾನ್ ಕ್ಲೀಸ್, ಸಿಬಿಲ್ ಆಗಿ ಪ್ರುನೆಲಾ ಸ್ಕೇಲ್ಸ್, ಮಾನ್ಯುಯೆಲ್ ಆಗಿ ಆಂಡ್ರೂ ಸ್ಯಾಕ್ಸ್, ಪಾಲಿ ಆಗಿ ಕಾನಿ ಬೂತ್. ಕ್ಲೀಸ್ ಮತ್ತು ಬೂತ್ ಇಬ್ಬರೂ ಕೂತು ಬರೆದದ್ದು ಇದು. ಮೊದಲ 6 ಬರೆಯುವಾಗ ಅವರು ಗಂಡ ಹೆಂಡತಿ. 1978ರಲ್ಲಿ ವಿಚ್ಛೇದನ ಆಯಿತು. ಆದರೂ ಎರಡನೇ ಸರಣಿಯನ್ನು ಇಬ್ಬರೂ ಸೇರಿಯೇ ಬರೆದರು. ಅದು ಮೊದಲನೆಯದಕ್ಕಿಂತ ಇನ್ನೂ ಬಿಗಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ.

ಬೇಸಿಲ್ ಹುಟ್ಟಿದ್ದು ಒಂದು ನಿಜವಾದ ಹೋಟೆಲ್‌ನಲ್ಲಿ. 1970ರಲ್ಲಿ ಕ್ಲೀಸ್ ಇದ್ದ ಮಾಂಟಿ ಪೈಥಾನ್ ಹಾಸ್ಯ ತಂಡದವರು ಚಿತ್ರೀಕರಣಕ್ಕೆ ಹೋದಾಗ ಟಾರ್ಕೀಯ ಗ್ಲೆನ್‌ಈಗಲ್ಸ್ ಹೋಟೆಲ್‌ನಲ್ಲಿ ಉಳಿದಿದ್ದರು. ಅಲ್ಲಿನ ಮಾಲೀಕ ಡೊನಾಲ್ಡ್ ಸಿಂಕ್ಲೇರ್ ಗಿರಾಕಿಗಳ ಜೊತೆ ನಡೆದುಕೊಳ್ಳುತ್ತಿದ್ದ ರೀತಿಯೇ ಬೇಸಿಲ್‌ಗೆ ಮೂಲ ಅಂತ ಕ್ಲೀಸ್ ಹೇಳಿದ್ದಾರೆ. ಸಿಂಕ್ಲೇರ್ ಅವರ ಹೆಂಡತಿ ಮುಂದೆ ಇದನ್ನು ಬಲವಾಗಿ ಅಲ್ಲಗಳೆದರು. ಅವರ ನೋವು ನನಗೆ ಅರ್ಥವಾಗುತ್ತದೆ. ಕೌಂಟರ್ ಹಿಂದೆ ನಿಂತ ಯಾರದ್ದೇ ಆಗಲಿ, ಒಂದು ಕೆಟ್ಟ ವಾರವನ್ನು ನೋಡಿ ಇಡೀ ಬದುಕನ್ನು ಅಳೆಯಬಾರದು.

ಸರಿ, 12 ಎಪಿಸೋಡ್ ಯಾಕೆ ಸಾಕು? ಅದಕ್ಕೆ ಒಂದು ಎಪಿಸೋಡನ್ನು ಬಿಡಿಸಿಯೇ ಹೇಳಬೇಕು. 1979ರ "ಕಮ್ಯುನಿಕೇಶನ್ ಪ್ರಾಬ್ಲಮ್ಸ್" ತೆಗೆದುಕೊಳ್ಳಿ. ಕತೆ ಮೊದಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಮೂರು ಪ್ಯಾರಾ ಬಿಟ್ಟು ಓದಿ.

ಮಿಸೆಸ್ ರಿಚರ್ಡ್ಸ್ ಅನ್ನುವ ವಯಸ್ಸಾದ ಹೆಂಗಸು ಬರುತ್ತಾರೆ. ಪಾಲಿ ಬೇರೆಯವರ ಜೊತೆ ಮಾತಾಡುತ್ತಿದ್ದರೂ ನಡುವೆ ನುಗ್ಗುತ್ತಾರೆ. ಕಿವಿ ಕೇಳುವುದಿಲ್ಲ. ಶ್ರವಣಯಂತ್ರ ಇದೆ, ಆದರೆ ಬ್ಯಾಟರಿ ಖರ್ಚಾಗುತ್ತದೆ ಅಂತ ಆನ್ ಮಾಡುವುದಿಲ್ಲ! ಕಿಟಕಿಯಿಂದ ಸಮುದ್ರ ಸರಿಯಾಗಿ ಕಾಣುವುದಿಲ್ಲ, ಸ್ನಾನದ ತೊಟ್ಟಿ ಚಿಕ್ಕದು, ದುಡ್ಡು ಕಡಿಮೆ ಮಾಡಿ ಅಂತ ಗಲಾಟೆ. ಜೋನ್ ಸ್ಯಾಂಡರ್ಸನ್ ಈ ಪಾತ್ರವನ್ನು ಒಂದು ಚೂರೂ ಮೆತ್ತಗೆ ಮಾಡದೆ ಆಡಿದ್ದಾರೆ. ಇಂಥ ಗಿರಾಕಿಗಳು ನಿಜಕ್ಕೂ ಇರುತ್ತಾರೆ. ಅವರನ್ನು ಎದುರಿಸಿದವಳಾಗಿ ಹೇಳುತ್ತೇನೆ, ಅವರ ಮುಖದ ಗಟ್ಟಿತನ ಹೀಗೇ ಇರುತ್ತದೆ.

ಇದೇ ಹೊತ್ತಿಗೆ ಬೇಸಿಲ್ ಹೆಂಡತಿಗೆ ಗೊತ್ತಾಗದಂತೆ ಕುದುರೆ ಜೂಜಾಡಿ 75 ಪೌಂಡ್ ಗೆದ್ದಿರುತ್ತಾನೆ. ದುಡ್ಡು ಕಟ್ಟಿ ಬಂದದ್ದು ಮಾನ್ಯುಯೆಲ್. "ಯಾರು ಕೇಳಿದರೂ ನಿನಗೆ ಏನೂ ಗೊತ್ತಿಲ್ಲ" ಅಂತ ಬೇಸಿಲ್ ಅವನಿಗೆ ತಾಕೀತು ಮಾಡುತ್ತಾನೆ. ಸಿಬಿಲ್‌ಗೆ ಅನುಮಾನ ಬಂದಾಗ, ಗೆದ್ದಿದ್ದು ಪಾಲಿ ಅಂತ ಸುಳ್ಳು ಹೇಳುತ್ತಾನೆ. ಪಾಪ, ಪಾಲಿಗೆ ಕುದುರೆಯ ಹೆಸರೇ ಗೊತ್ತಿಲ್ಲ. ಸಿಬಿಲ್ ಬೆನ್ನ ಹಿಂದೆ ನಿಂತು ಬೇಸಿಲ್ ಕೈಸನ್ನೆಯಲ್ಲಿ ಆ ಹೆಸರು ಹೇಳಿಕೊಡಲು ಒದ್ದಾಡುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದರೂ ನಗು ತಡೆಯಲು ಆಗಿಲ್ಲ. ದುಡ್ಡನ್ನು ಮರೆಗುಳಿ ಮೇಜರ್ ಕೈಗೆ ಕೊಡುತ್ತಾನೆ. ಅಷ್ಟರಲ್ಲಿ ಮಿಸೆಸ್ ರಿಚರ್ಡ್ಸ್ ತನ್ನ ದುಡ್ಡು ಕಳುವಾಗಿದೆ ಅಂತ ಕೂಗುತ್ತಾರೆ.

ಈಗ ಕಟ್ಟಿದ ರೀತಿ ನೋಡಿ. ಮೇಜರ್ ಆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನೇ ಮರೆಯುತ್ತಾನೆ. ದುಡ್ಡು ಮಿಸೆಸ್ ರಿಚರ್ಡ್ಸ್ ಪಾಲಾಗುತ್ತದೆ. ಅದು ತನ್ನದು ಅಂತ ತೋರಿಸಲು ಬೇಸಿಲ್‌ಗೆ ಉಳಿದಿರುವುದು ಒಬ್ಬನೇ ಸಾಕ್ಷಿ, ಮಾನ್ಯುಯೆಲ್. ಅವನು ಎದೆಯುಬ್ಬಿಸಿ, ತುಂಬ ಹೆಮ್ಮೆಯಿಂದ ಹೇಳುತ್ತಾನೆ, ತನಗೆ ಏನೂ ಗೊತ್ತಿಲ್ಲ ಅಂತ! ಹೇಳಿಕೊಟ್ಟ ಪಾಠವನ್ನು ಅವನು ಚಾಚೂ ತಪ್ಪದೆ ಒಪ್ಪಿಸಿದ್ದಾನೆ. ಮೇಜರ್‌ಗೆ ನೆನಪು ಬರುವುದು ಬೇಸಿಲ್ ಕೊನೆಗೂ ಗೆದ್ದೆ ಅಂದುಕೊಂಡ ಗಳಿಗೆಯಲ್ಲಿ, ಅದೂ ಸಿಬಿಲ್ ಎದುರಿಗೆ. ಇಲ್ಲಿ ಯಾವುದೂ ಹೊರಗಿಂದ ತಂದು ಅಂಟಿಸಿದ್ದಲ್ಲ. ಮೇಜರ್‌ನ ಮರೆವು, ಮಾನ್ಯುಯೆಲ್‌ನ ನಿಷ್ಠೆ, ಬೇಸಿಲ್‌ನ ಸುಳ್ಳು, ಇವಿಷ್ಟೇ ಒಂದಕ್ಕೊಂದು ಹೆಣೆದುಕೊಂಡು ಅವನನ್ನು ಕಟ್ಟಿಹಾಕುತ್ತವೆ.

ಹೀಗೆ ಹೆಣೆಯಲು ಟೈಮ್ ಬೇಕು ಅಲ್ವಾ? ಕ್ಲೀಸ್ ಮತ್ತು ಬೂತ್ ಒಂದೊಂದು ಸ್ಕ್ರಿಪ್ಟಿಗೆ ವಾರಗಟ್ಟಲೆ ಕೂರುತ್ತಿದ್ದರು. ಮೊದಲು ಕತೆಯ ಕಟ್ಟು, ಆಮೇಲೆ ಮಾತು. ಮಾಮೂಲಿ ಅರ್ಧ ಗಂಟೆಯ ಕಾಮಿಡಿಗೆ ಹೋಲಿಸಿದರೆ ತಮ್ಮ ಸ್ಕ್ರಿಪ್ಟಿನ ಪುಟಗಳು ಸುಮಾರು ಎರಡು ಪಟ್ಟು ಇರುತ್ತಿದ್ದವು ಅಂತ ಕ್ಲೀಸ್ ಹೇಳಿಕೊಂಡಿದ್ದಾರೆ. ಇದನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರ ಎದುರಿಗೇ ಆಡಬೇಕಿತ್ತು. ನಿಮಗೆ ಕೇಳುವ ನಗು ಅಲ್ಲಿ ಕೂತವರದ್ದು. ವರ್ಷಕ್ಕೆ 20 ಎಪಿಸೋಡ್ ಬರೆದುಕೊಡಿ ಅಂದಿದ್ದರೆ ಈ ಹೆಣಿಗೆ ಸಾಧ್ಯವೇ ಇರಲಿಲ್ಲ. ಇನ್ನಷ್ಟು ಬೇಕಿತ್ತು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಈ ಸರಣಿ ನಡುವೆ ನಿಂತುಹೋದದ್ದಲ್ಲ. ಬರೆದವರು ತಮ್ಮ ಕೈಲಿ ಎಷ್ಟು ಚೆನ್ನಾಗಿ ಆಗುತ್ತದೋ ಅಷ್ಟನ್ನೇ ಕೊಟ್ಟಿದ್ದಾರೆ.

ಇದು ಮುಂದಿನವರಿಗೂ ದಾರಿಯಾಯಿತು. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚಂಟ್ ಬ್ರಿಟನ್ನಿನ "ದಿ ಆಫೀಸ್" ಹಾಸ್ಯ ಸರಣಿ ಮಾಡಿದಾಗ 6 ಮತ್ತು 6 ಎಪಿಸೋಡ್‌ಗೆ ಎರಡು ಸರಣಿ ಮುಗಿಸಿ, ಕ್ರಿಸ್‌ಮಸ್ ವಿಶೇಷದೊಂದಿಗೆ ಸುಮ್ಮನಾದರು.

ಇನ್ನು ನನಗೆ ಹಿಡಿಸದ್ದು. "ದಿ ವೆಡ್ಡಿಂಗ್ ಪಾರ್ಟಿ" ನನಗೆ ಸಪ್ಪೆ ಅನಿಸಿತು. ಬೇಸಿಲ್‌ಗೆ ಎಲ್ಲರ ಮೇಲೂ ಅನುಮಾನ, ಅದೇ ತಮಾಷೆಯನ್ನು ಎಳೆದಿದ್ದಾರೆ. ಮಾನ್ಯುಯೆಲ್‌ಗೆ ಬೀಳುವ ಏಟುಗಳು ನನಗೆ ಕಷ್ಟವಾಗುತ್ತವೆ. ಪರದೇಶದಿಂದ ಬಂದು ದುಡಿಯುವ ಹುಡುಗನ ತಲೆಗೆ ಮಾಲೀಕ ಹೊಡೆಯುವುದನ್ನು ನೋಡಿ ನಗುವುದು ಈಗ ಸುಲಭವಲ್ಲ. ಬೇಸಿಲ್ ಕೊನೆಗೆ ಯಾವತ್ತೂ ಸೋಲುತ್ತಾನೆ ಅನ್ನುವುದು ಒಂದು ಸಮಾಧಾನ. ಸ್ಯಾಕ್ಸ್ ಆ ಪಾತ್ರಕ್ಕೆ ತುಂಬಿದ ಮರ್ಯಾದೆ ಇನ್ನೊಂದು. "ಬೇಸಿಲ್ ದ ರ‍್ಯಾಟ್" ಎಪಿಸೋಡ್‌ನಲ್ಲಿ ಅವನು ಇಲಿಯನ್ನು ಹ್ಯಾಮ್‌ಸ್ಟರ್ ಅಂತಲೇ ನಂಬಿ ಸಾಕಿಕೊಳ್ಳುತ್ತಾನಲ್ಲ, ಆ ಮುಖ ನೋಡಿದರೆ ಎಂಥವರ ಮನಸ್ಸೂ ಕರಗಬೇಕು. (ಈ ಕೊನೆಯ ಎಪಿಸೋಡ್ ಬಿಬಿಸಿಯ ಮುಷ್ಕರದಿಂದಾಗಿ ತಿಂಗಳುಗಟ್ಟಲೆ ತಡವಾಗಿ, 1979ರ ಅಕ್ಟೋಬರ್‌ನಲ್ಲಿ ಪ್ರಸಾರವಾಯಿತು.)

"ದಿ ಜರ್ಮನ್ಸ್" ಬಗ್ಗೆಯೂ ಹೇಳಬೇಕು. ಇದರಲ್ಲಿ ಮೇಜರ್ ಬಾಯಿಂದ ಕಪ್ಪು ಜನರ ಬಗ್ಗೆ ಕೆಟ್ಟ ಮಾತುಗಳು ಬರುತ್ತವೆ. 2013ರಲ್ಲಿ ಬಿಬಿಸಿ ಅವನ್ನು ಕತ್ತರಿಸಿ ಪ್ರಸಾರ ಮಾಡಿತು. 2020ರಲ್ಲಿ ಬ್ರಿಟನ್ನಿನ ಟಿವಿ ಕಂಪನಿ ಯುಕೆಟಿವಿ ಆ ಎಪಿಸೋಡನ್ನೇ ಕೆಲವು ದಿನ ತೆಗೆದು, ಆಮೇಲೆ ಎಚ್ಚರಿಕೆಯ ಮಾತಿನೊಂದಿಗೆ ವಾಪಸ್ ಹಾಕಿತು. ಅಲ್ಲಿ ನಗೆಗೀಡಾಗುವುದು ಮೇಜರ್‌ನಂಥ ಹಳಸಿದ ಮನಸ್ಸೇ ಅಂತ ಕ್ಲೀಸ್ ವಾದಿಸಿದರು. ವಾದ ಸರಿಯೇ ಇರಬಹುದು, ಆದರೆ ಆ ಮಾತುಗಳನ್ನು ಕೇಳುವಾಗ ನನಗೆ ನಗು ಬರಲಿಲ್ಲ. ಎಚ್ಚರಿಕೆ ಹಾಕಿದ್ದು ಒಳ್ಳೆಯದೇ. ಉಳಿದ ಭಾಗ ಮಾತ್ರ ಅದ್ಭುತ. ಜರ್ಮನ್ ಅತಿಥಿಗಳ ಮುಂದೆ ಯುದ್ಧದ ಸುದ್ದಿ ಎತ್ತಬಾರದು ಅಂತ ಎಲ್ಲರಿಗೂ ಹೇಳುವ ಬೇಸಿಲ್ ಬೇರೆ ಏನನ್ನೂ ಮಾತಾಡಲಾರದೆ ಹೋಗುತ್ತಾನೆ. ಅಳುವ ಅತಿಥಿಯ ಎದುರು ನಿಂತು ಅವಮಾನ ಮಾಡಿಕೊಳ್ಳುವವನು ಅವನೇ. ಆಂಡ್ರೂ ಸ್ಯಾಕ್ಸ್ ಬರ್ಲಿನ್‌ನಲ್ಲಿ ಹುಟ್ಟಿದವರು, 1938ರಲ್ಲಿ ನಾಜಿಗಳ ಕಾಟಕ್ಕೆ ಊರು ಬಿಟ್ಟು ಇಂಗ್ಲೆಂಡಿಗೆ ಬಂದ ಕುಟುಂಬದವರು. ಇದು ಗೊತ್ತಿದ್ದು ನೋಡಿದರೆ ಆ ಎಪಿಸೋಡ್‌ನಲ್ಲಿ ಅವರಿರುವುದೇ ಬೇರೆ ಥರ ಕಾಣುತ್ತದೆ.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ: "ಕಮ್ಯುನಿಕೇಶನ್ ಪ್ರಾಬ್ಲಮ್ಸ್"ನಿಂದ ಶುರು ಮಾಡಿ. ಆಮೇಲೆ "ಗೋರ್ಮೇ ನೈಟ್" ನೋಡಿ. ಅದರಲ್ಲಿ ಕೆಟ್ಟು ನಿಂತ ಕಾರಿಗೆ ಬೇಸಿಲ್ ಮರದ ಕೊಂಬೆ ಕಿತ್ತು ತಂದು ಹೊಡೆಯುತ್ತಾನೆ. ಇಷ್ಟವಾದರೆ ಮೊದಲಿನಿಂದ ಸಾಲಾಗಿ ಹೋಗಿ. ಮಾತು ಬಹಳ ವೇಗ, ಅದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಶುರುವಿನಲ್ಲಿ ಬರುವ ಹೋಟೆಲ್ ಬೋರ್ಡ್ ತಪ್ಪಿಸಬೇಡಿ, ಅದರ ಅಕ್ಷರಗಳು ಸಾಮಾನ್ಯವಾಗಿ ಏನಾದರೂ ಏರುಪೇರಾಗಿರುತ್ತವೆ.

ಒಂದೇ ದಿನ ಎಲ್ಲ ನೋಡುವುದು ಮಾತ್ರ ಬೇಡ. ಬೇಸಿಲ್‌ನ ಕೂಗಾಟ ಸಾಲಾಗಿ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ, ಹೆಣಿಗೆಯ ಸೊಗಸೂ ಕಾಣುವುದಿಲ್ಲ. ದಿನಕ್ಕೊಂದು ನೋಡಿ, ಮಾರನೇ ದಿನ ಅದನ್ನೇ ಇನ್ನೊಮ್ಮೆ ನೋಡಿ. ಎರಡನೇ ಸಲ ಬೇಸಿಲ್‌ನನ್ನು ಬಿಟ್ಟು ಸಿಬಿಲ್‌ಳನ್ನು ಗಮನಿಸಿ. ಗಂಡ ಸುಳ್ಳು ಹೇಳುತ್ತಿದ್ದಾನೆ ಅಂತ ಅವಳಿಗೆ ಯಾವ ಗಳಿಗೆಯಲ್ಲಿ ಗೊತ್ತಾಯಿತು ಅನ್ನುವುದು ಪ್ರುನೆಲಾ ಸ್ಕೇಲ್ಸ್ ಅವರ ಕಣ್ಣಿನಲ್ಲೇ ಸಿಗುತ್ತದೆ. ನನ್ನ ಕಡೆಯಿಂದ 5ಕ್ಕೆ 5.