ಸಿಜೆ3ಬಿ ಜೀಪಿನ ಸ್ಟಿಯರಿಂಗ್ ಬಾಕ್ಸ್ ಕಿಟ್: ಪಿನ್ನು ನೋಡಿ ಕೊಳ್ಳಿ, ಬುಷ್ಷು ನೋಡಿ ಕೂರಿಸಿ

ಹಿಂದುಗಡೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆಸಿಕೊಂಡ ಹಳೆ ಮಹೀಂದ್ರ ಸಿಜೆ3ಬಿ ಜೀಪುಗಳು ಮಲೆನಾಡು, ಕೊಡಗಿನ ತೋಟದ ದಾರಿಗಳಲ್ಲಿ ಇನ್ನೂ ಉಳಿದಿವೆ. ಇದರ ಮೂಲವಾದ ವಿಲ್ಲಿಸ್ ಸಿಜೆ3ಬಿ 1953ರದ್ದು. ಸ್ಟಿಯರಿಂಗ್ ಬಾಕ್ಸ್ ಅದಕ್ಕೂ ಹಿಂದಿನದು, ಯುದ್ಧಕಾಲದ ಜೀಪಿನಲ್ಲಿದ್ದ ರಾಸ್ ಕಂಪನಿಯ ಕ್ಯಾಮ್ ಅಂಡ್ ಲಿವರ್ ಮಾದರಿ. ಸ್ಟಿಯರಿಂಗ್ ವೀಲ್ ತಿರುಗಿಸಿದರೆ ಉದ್ದ ಕೊಳವೆಯ ತುದಿಯ ವರ್ಮ್ (ಸುರುಳಿ ತೋಡು ಕೊರೆದ ತುಂಡು) ತಿರುಗುತ್ತದೆ. ಅದರ ತೋಡಿನಲ್ಲಿ ಕೂತ ಎರಡು ಮೊನಚು ಪಿನ್ನುಗಳು ತಮ್ಮನ್ನು ಹೊತ್ತ ಸೆಕ್ಟರ್ ಶಾಫ್ಟನ್ನು ಹೊರಳಿಸುತ್ತವೆ. ಇದಕ್ಕೆ ಅಂಗಡಿಗಳಲ್ಲಿ ಮೂರು ಬಗೆಯ ಮಾಲು ಸಿಗುತ್ತದೆ: ಸೀಲ್, ಗ್ಯಾಸ್ಕೆಟ್, ಶಿಮ್ (ಸಂದು ಹೊಂದಿಸುವ ತೆಳು ತಗಡು), ಬಾಲ್‌ಗಳಿರುವ ಮೈನರ್ ಕಿಟ್, ಅದರ ಜೊತೆಗೆ ವರ್ಮ್, ಸೆಕ್ಟರ್ ಶಾಫ್ಟ್, ಬೇರಿಂಗ್ ಕಪ್, ಬುಷ್ (ಶಾಫ್ಟನ್ನು ಹಿಡಿದಿರುವ ಲೋಹದ ಬಳೆ) ಇರುವ ಮೇಜರ್ ಕಿಟ್, ಪೇಂಟ್ ಹೊಡೆದು ಜೋಡಿಸಿಟ್ಟ ಪೂರ್ತಿ ಬಾಕ್ಸ್. ನಿಮ್ಮ ಹಳೆ ಬಾಕ್ಸಿನ ಎರಕದ ಮೈ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಮೇಜರ್ ಕಿಟ್ಟೇ ಸರಿ. ಮೈನರ್ ಕಿಟ್ಟು ಆಯಿಲ್ ಸೋರುವುದನ್ನು ನಿಲ್ಲಿಸಲು ಮಾತ್ರ. ಪ್ಲೇ, ಅಂದರೆ ವೀಲಿನ ಸಡಿಲ ಆಟ, ಹೋಗಲೆಂದು ಅದನ್ನು ಕೊಂಡರೆ ದುಡ್ಡು ದಂಡ.

ದುಡ್ಡು ತೆಗೆಯುವ ಮುನ್ನ ತಪ್ಪು ಬಾಕ್ಸಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಚಕ್ರ ನೆಲದ ಮೇಲಿರಲಿ, ನೇರವಾಗಿರಲಿ. ಒಬ್ಬರು ವೀಲನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೂ ಬಲಕ್ಕೂ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ನೋಡಲಿ. ವೀಲ್ ಆಡಿದರೂ ಸೆಕ್ಟರ್ ಶಾಫ್ಟಿನ ಹೊರತುದಿಗೆ ಕೂತ ಪಿಟ್‌ಮನ್ ಆರ್ಮ್ ಅಲುಗದಿದ್ದರೆ ಪ್ಲೇ ಬಾಕ್ಸಿನೊಳಗಿದೆ. ಆರ್ಮ್ ತಿರುಗುವ ಬದಲು ಶಾಫ್ಟಿನ ಸಮೇತ ಅತ್ತಿತ್ತ ಒದ್ದಾಡಿದರೆ ಬುಷ್ ಹೋಗಿದೆ. ವೀಲನ್ನು ಹಿಡಿದೆತ್ತಿದಾಗ ಕೊಳವೆ ಮೇಲೆ ಕೆಳಗೆ ಆಡಿದರೆ ಮೇಲಿನ ಕವರಿನ ಶಿಮ್ ಸಡಿಲ ಅಥವಾ ಬೇರಿಂಗ್ ಸವೆದಿದೆ. ಆರ್ಮ್ ಸರಿಯಾಗಿ ಓಡಾಡುತ್ತಿದ್ದು ಚಕ್ರ ಮಾತ್ರ ತಡವಾಗಿ ತಿರುಗಿದರೆ ಬಾಕ್ಸನ್ನು ಮುಟ್ಟಬೇಡಿ. ಚಾಸಿಸ್‌ನ ಮುಂದಿನ ಅಡ್ಡಪಟ್ಟಿಯ (ಕ್ರಾಸ್‌ಮೆಂಬರ್) ಮೇಲಿರುವ ಬೆಲ್ ಕ್ರ್ಯಾಂಕಿನ ಪಿನ್ನು, ಆರ್ಮಿನಿಂದ ಬೆಲ್ ಕ್ರ್ಯಾಂಕಿಗೆ ಹೋಗುವ ಡ್ರ್ಯಾಗ್ ಲಿಂಕಿನ ಎರಡೂ ತುದಿ, ಅಲ್ಲಿಂದ ಚಕ್ರಗಳಿಗೆ ಹೋಗುವ ಟೈ ರಾಡ್‌ಗಳ ನಾಲ್ಕು ಎಂಡ್, ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್ನಿನ ಬೇರಿಂಗ್ ನೋಡಿ. ಬೆಲ್ ಕ್ರ್ಯಾಂಕಿನ ಪಾಪಕ್ಕೆ ಬಾಕ್ಸು ಶಿಕ್ಷೆ ಅನುಭವಿಸಿದ ಜೀಪುಗಳು ಬೇಕಾದಷ್ಟಿವೆ.

ಕಿಟ್ ಕೊಳ್ಳಲು ಹೋಗುವಾಗ ಹಳೆ ವರ್ಮನ್ನೂ ಸೆಕ್ಟರ್ ಶಾಫ್ಟನ್ನೂ ಕೈಯಲ್ಲೇ ಒಯ್ಯಿರಿ. ವರ್ಮಿನ ತೋಡು ಓರೆಯಾಗಿರುವ ದಿಕ್ಕು ಹಳೆಯದರಲ್ಲೂ ಹೊಸದರಲ್ಲೂ ಒಂದೇ ಇರಬೇಕು. ತಿರುಗುಮುರುಗಾದದ್ದನ್ನು ಹಾಕಿದರೆ ವೀಲನ್ನು ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋದೀತು. ಲೆಫ್ಟ್ ಹ್ಯಾಂಡ್, ರೈಟ್ ಹ್ಯಾಂಡ್ ಎರಡೂ ಸಿಗುವ ನಮ್ಮಲ್ಲಿ ಇದು ತಮಾಷೆಯ ಮಾತಲ್ಲ. ಆಮೇಲೆ ಪಿನ್ನುಗಳು. ಸಣ್ಣ ಅರದಿಂದ ಒಂದು ಮೂಲೆಯಲ್ಲಿ ಮೆಲ್ಲಗೆ ಉಜ್ಜಿ. ಅರ ಜಾರಬೇಕು, ಕಚ್ಚಿದರೆ ಪಿನ್ನು ಹದ ಕೊಡದ ಮೆತ್ತನೆ ಕಬ್ಬಿಣ. ಎರಡು ಪಿನ್ನಿನ ತಲೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಎತ್ತರ ಸಮನಾಗಿದೆಯೇ ನೋಡಿ. ಏರುಪೇರಿದ್ದರೆ ಭಾರವೆಲ್ಲ ಒಂದೇ ಪಿನ್ನಿನ ಮೇಲೆ ಬಿದ್ದು ಅದು ಬೇಗನೆ ಚಪ್ಪಟೆಯಾಗುತ್ತದೆ. ವರ್ಮಿನ ತೋಡಿನಲ್ಲಿ ಉಗುರು ಎಳೆದು ನೋಡಿ, ಟೂಲ್ ಗುರುತು ಉಗುರಿಗೆ ತಡೆದರೆ ಬೇಡ. ವರ್ಮೂ ಉದ್ದ ಕೊಳವೆಯೂ ಒಂದೇ ತುಂಡಾಗಿ ಬರುವುದರಿಂದ ಪಾರ್ಸೆಲ್ಲಿನಲ್ಲಿ ಬಾಗುವುದುಂಟು; ಅಂಗಡಿಯ ಗಾಜಿನ ಕೌಂಟರ್ ಮೇಲೆ ಉರುಳಿಸಿ ನೋಡುವುದಕ್ಕೆ ಸಂಕೋಚ ಬೇಡ. ಇಷ್ಟಕ್ಕೆಲ್ಲ ಬಿಡದ ಅಂಗಡಿಯಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಕಿಟ್ ಎಷ್ಟೇ ಚೆನ್ನಾಗಿದ್ದರೂ ಕೆಲಸ ಕೆಡುವುದು ಬುಷ್ಷಿನಲ್ಲಿ. ಹೊಸ ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ಒಳಗಿನ ತೂತು ಕಿರಿದಾಗುತ್ತದೆ, ತೂತನ್ನು ಅಳತೆಗೆ ಹೆರೆಯುವ ರೀಮರ್ ಹಾಕಲೇಬೇಕು. ಎರಡು ಬುಷ್ಷನ್ನೂ ಒಂದೇ ಉದ್ದ ರೀಮರಿನಿಂದ, ಒಂದೇ ಕಡೆಯಿಂದ ನೇರವಾಗಿ ಮಾಡಿಸಿ. ಒಂದೊಂದು ಬದಿಯಿಂದ ಒಂದೊಂದನ್ನು ಕೊರೆದರೆ ಎರಡೂ ಒಂದೇ ಗೆರೆಗೆ ಬರುವುದಿಲ್ಲ. ಶಾಫ್ಟ್ ಬಿಗಿಯಾಗಿ ಕೂತಂತೆ ಕಂಡು ಸ್ವಲ್ಪ ದಿನದಲ್ಲೇ ಮತ್ತೆ ಸಡಿಲಾಗುತ್ತದೆ. ಎಮರಿ ಪೇಪರಿನಲ್ಲಿ ಉಜ್ಜಿ ದೊಡ್ಡದು ಮಾಡುವವರ ಕೈಗಂತೂ ಕೊಡಬೇಡಿ. ಆಯಿಲ್ ಹಚ್ಚಿದ ಶಾಫ್ಟ್ ಕೈಯಿಂದ ದೂಡಿದರೆ ಒಳಗೆ ಜಾರಬೇಕು, ಅಡ್ಡಕ್ಕೆ ಅಲುಗಾಡಿಸಿದರೆ ಏನೂ ತಿಳಿಯಬಾರದು. ಬುಷ್ಷೇ ಮೈಯೊಳಗೆ ಸುತ್ತುತ್ತಿದ್ದರೆ ಲೇತಿನಲ್ಲಿ ದಪ್ಪ ಬುಷ್ ಮಾಡಿಸಬೇಕು; ಪಂಚ್ ಹೊಡೆದು ಹಿಡಿಸುವುದು ನಿಲ್ಲದ ಕೆಲಸ.

ಪಿಟ್‌ಮನ್ ಆರ್ಮ್ ಬಿಚ್ಚಲು ಪುಲ್ಲರ್ ಬೇಕು. ಸುತ್ತಿಗೆಯ ಏಟು ನೇರ ಹೋಗಿ ಬೀಳುವುದು ಪಿನ್ನು ಮತ್ತು ವರ್ಮಿನ ಮೇಲೆ. ಬಿಚ್ಚುವ ಮೊದಲು ಆರ್ಮಿಗೂ ಶಾಫ್ಟಿಗೂ ಒಂದು ಗುರುತು ಹಾಕಿಕೊಳ್ಳಿ.

ಜೋಡಿಸಿದ ಮೇಲೆ ಅಡ್ಜಸ್ಟ್‌ಮೆಂಟ್ ಕ್ರಮ ತಪ್ಪಬಾರದು. ಡ್ರ್ಯಾಗ್ ಲಿಂಕ್ ಬಿಚ್ಚಿರಲಿ, ಪಕ್ಕದ ಕವರಿನ ಸ್ಕ್ರೂ ಪೂರ್ತಿ ಸಡಿಲವಿರಲಿ. ಮೊದಲು ಮೇಲಿನ ಕವರಿನಿಂದ ಶಿಮ್ಮನ್ನು ಒಂದೊಂದಾಗಿ ತೆಗೆಯುತ್ತ ಕೊಳವೆಯ ಮೇಲೆ ಕೆಳಗಿನ ಆಟ ನಿಲ್ಲುವಷ್ಟು, ವೀಲ್ ಇನ್ನೂ ಹಗುರವಾಗಿ ತಿರುಗುವಷ್ಟು ಬಿಗಿ ಮಾಡಿ. ಎರಡನೆಯದು ಪಕ್ಕದ ಸ್ಕ್ರೂ. ವೀಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿ ಸರಿಯಾಗಿ ನಡುವಿಗೆ ತಂದು, ಅಲ್ಲಿ ತುಸು ತಡೆದಂತೆ ಕೈಗೆ ತಿಳಿಯುವವರೆಗೆ ತಿರುಗಿಸಿ ಲಾಕ್ ನಟ್ ಬಿಗಿಯಿರಿ. ವರ್ಮಿನ ತೋಡನ್ನು ನಡುವಿನಲ್ಲಿ ಬಿಗಿಯಾಗಿ, ತುದಿಗಳಲ್ಲಿ ಸಡಿಲವಾಗಿ ಕತ್ತರಿಸಿರುತ್ತಾರೆ. ನೇರ ರಸ್ತೆಯಲ್ಲಿ ಪಿನ್ನು ಇರುವುದು ನಡುವಿನಲ್ಲೇ. ಸವೆತವೂ ಅಲ್ಲೇ ಹೆಚ್ಚು. ಹೀಗಾಗಿ ಹಳೆ ವರ್ಮನ್ನು ನಡುವಿನ ಪ್ಲೇ ಹೋಗುವವರೆಗೆ ಬಿಗಿದರೆ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ, ತಿರುವು ಮುಗಿದರೂ ವೀಲ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಘಾಟಿಯ ತಿರುವಿನಲ್ಲಿ ಇದು ಸಡಿಲ ಸ್ಟಿಯರಿಂಗಿಗಿಂತ ಅಪಾಯ. ‘ಸ್ಕ್ರೂ ಅರ್ಧ ಸುತ್ತು ಬಿಗಿದು ಕೊಡ್ತೀನಿ’ ಅನ್ನುವ ರಿಪೇರಿಯನ್ನು ಅದಕ್ಕೇ ಒಪ್ಪಬೇಡಿ.

ಒಳಗೆ 90 ನಂಬರ್ ಗೇರ್ ಆಯಿಲ್ಲೇ ಹಾಕಿ, ತುಂಬುವ ತೂತಿನ ಮಟ್ಟದವರೆಗೆ. ಸೀಲ್ ಸೋರುತ್ತದೆಂದು ಗ್ರೀಸ್ ತುಂಬುವುದು ಗ್ಯಾರೇಜುಗಳ ಹಳೆ ಚಾಳಿ. ಪಿನ್ನು ಒಮ್ಮೆ ದೂಡಿದ ಗ್ರೀಸ್ ತೋಡಿಗೆ ವಾಪಸ್ ಹರಿದು ಬರುವುದಿಲ್ಲ, ಡಬ್ಬಿ ತುಂಬ ಗ್ರೀಸ್ ಇದ್ದೂ ಪಿನ್ನು ಒಣಗಿ ಓಡುತ್ತದೆ.

ಪೂರ್ತಿ ಬಾಕ್ಸ್ ಕೊಳ್ಳುವವರಿಗೆ ಒಂದೇ ಮಾತು: ಬಿಚ್ಚದೆ ಹಾಕಬೇಡಿ. ಪಕ್ಕದ ಕವರ್ ತೆಗೆದು ಒಳಗೆ ಲೋಹದ ಚೂರಿದ್ದರೆ ತೊಳೆದು, ಮೇಲೆ ಹೇಳಿದ ಅಡ್ಜಸ್ಟ್‌ಮೆಂಟನ್ನು ನೀವೇ ಮೊದಲಿಂದ ಮಾಡಿ, ಆಯಿಲ್ ತುಂಬಿ. ಹೊಸ ಬಾಕ್ಸಿನ ಸೊಗಸೆಲ್ಲ ಪೇಂಟಿನದು. ಬುಷ್ಷಿನ ಫಿಟ್ಟಿಂಗ್ ಹೇಗಿದೆಯೆಂದು ಆರ್ಮ್ ಹಾಕಿ ಅಲುಗಿಸಿದರೇ ಗೊತ್ತಾಗುವುದು.

ವಾಪಸ್ ಕೂರಿಸುವಾಗ ಚಾಸಿಸ್‌ನಲ್ಲಿ ಬಾಕ್ಸಿನ ಬೋಲ್ಟ್ ತೂತುಗಳ ಸುತ್ತ ಗ್ರೀಸ್ ಕೆರೆದು ಬಿರುಕು ಹುಡುಕಿ, ಈ ಜೀಪುಗಳಲ್ಲಿ ಅದು ಮಾಮೂಲು. ಬಿರುಕಿದ್ದರೆ ಮೊದಲು ವೆಲ್ಡಿಂಗ್, ಆಮೇಲೆ ಬಾಕ್ಸು. ಚಾಸಿಸ್ ಬೋಲ್ಟನ್ನು ಸಡಿಲವಾಗಿಟ್ಟು, ಡ್ಯಾಶಿನ ಕ್ಲ್ಯಾಂಪಿನಲ್ಲಿ ಕೊಳವೆ ಎಳೆತವಿಲ್ಲದೆ ಕೂತ ಮೇಲೆ ಬಿಗಿಯಿರಿ. ಬಗ್ಗಿಸಿ ಕೂರಿಸಿದರೆ ಹೊಸ ಬೇರಿಂಗೂ ಕಚ್ಚುತ್ತದೆ. ಕೊನೆಗೆ ಟೋ ಇನ್ (ಮುಂಚಕ್ರಗಳು ಮುಂದುಗಡೆ ಒಳಕ್ಕೆ ತಿರುಗಿರುವ ಅಳತೆ) ಒಂದೂಕಾಲರಿಂದ ಎರಡೂವರೆ ಮಿಲಿಮೀಟರಿನೊಳಗೆ ಇರಿಸಿ. ಒಂದು ರಾತ್ರಿ ನಿಲ್ಲಿಸಿದ ಮೇಲೆ ಬಾಕ್ಸಿನ ಕೆಳಗೆ ಹಾಸಿದ ರಟ್ಟಿನಲ್ಲಿ ಕಲೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಸೀಲಿನ ತುಟಿ ಮಡಚಿಕೊಂಡಿರಬಹುದು, ಆರ್ಮ್ ಮತ್ತೆ ಬಿಚ್ಚಬೇಕಾಗುತ್ತದೆ.